ಲಾಗ್ ಸೈಡಿಂಗ್ ಮನೆ: ಮೂಲೆ ಮುಚ್ಚೋದು ಹೇಗೆ?

[ದೃಶ್ಯ: ಬೆಟ್ಟದ ಇಳಿಜಾರಿನಲ್ಲಿ ಮರದ ಕ್ಯಾಬಿನ್]

ನಮಸ್ಕಾರ. ಅಮೆರಿಕದ ಟೆನೆಸಿ ರಾಜ್ಯದಲ್ಲಿ, ಸ್ಮೋಕಿ ಬೆಟ್ಟಗಳ ಕಡೆ ಹೋದರೆ ಇಂಥ ಕ್ಯಾಬಿನ್‌ಗಳು ತುಂಬಾ ಕಾಣುತ್ತವೆ. ಇಡೀ ದಿಮ್ಮಿಗಳನ್ನೇ ಪೇರಿಸಿ ಕಟ್ಟಿದ ಹಾಗಿದೆ, ಅಲ್ವಾ? ಎಷ್ಟೋ ಮನೆಗಳಲ್ಲಿ ಅದು ಬರೀ ಹೊರಗಿನ ವೇಷ. ಒಳಗಿರುವುದು ಮಾಮೂಲಿ ಮರದ ಫ್ರೇಮ್, ಅದಕ್ಕೆ ಹೊಡೆದ ಪ್ಲೈವುಡ್, ಅದರ ಮೇಲೆ ನೀರು ಒಳಗಿಳಿಯದಂತೆ ಸುತ್ತುವ ಹಾಳೆ, ಅಂದರೆ ಹೌಸ್‌ರ್‍ಯಾಪ್. ಕೊನೆಗೆ ಮುಂದೆ ಗುಂಡಗೆ, ಹಿಂದೆ ಚಪ್ಪಟೆಯಾಗಿರುವ ಹಲಗೆ. ಅದೇ ಲಾಗ್ ಸೈಡಿಂಗ್.

[ಕ್ಲೋಸಪ್: ಕೊಯ್ದ ಹಲಗೆಯ ತುದಿ]

ಗೋಡೆಯ ಉದ್ದಕ್ಕೆ ಹಲಗೆ ಹೊಡೆಯೋದು ಸಲೀಸು. ಕಷ್ಟ ಇರೋದು ಮೂಲೆಯಲ್ಲಿ. ಮರದ ಎಳೆಗಳು ಸಣ್ಣ ಕೊಳವೆಗಳ ಕಟ್ಟಿನ ಹಾಗೆ. ಹಲಗೆಯ ಮೈಗಿಂತ ಕೊಯ್ದ ತುದಿ ಬಹಳ ಬೇಗ ನೀರು ಕುಡಿಯುತ್ತದೆ. ಎರಡೂ ಗೋಡೆಗಳ ತುದಿಗಳು ಬಂದು ಸೇರುವುದು ಇಲ್ಲೇ. ಹಾಗಾಗಿ ಮೂಲೆ ತುಂಡನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ.

ಮೊದಲು ಹೌಸ್‌ರ್‍ಯಾಪ್ ನೋಡಿ. ಅದನ್ನು ಮೂಲೆಗೆ ಸರಿಯಾಗಿ ಕತ್ತರಿಸಿ ನಿಲ್ಲಿಸಬಾರದು. ಸುತ್ತಿಕೊಂಡು ಪಕ್ಕದ ಗೋಡೆಯ ಮೇಲೆ ಒಂದು ಅಡಿಯಾದರೂ ಹೋಗಲಿ.

[ದೃಶ್ಯ: ಎರಡು ಬಗೆಯ ಮೂಲೆ, ಅಕ್ಕಪಕ್ಕ]

ಎಡಗಡೆ ಇರುವುದು ನೆಟ್ಟಗಿನ ಕಂಬ. ಗುಂಡು ದಿಮ್ಮಿಯ ಕಾಲು ಭಾಗವನ್ನು ಉದ್ದಕ್ಕೂ ಕೊಯ್ದು ತೆಗೆದರೆ ಉಳಿದ ಮುಕ್ಕಾಲು ಭಾಗ ಮನೆಯ ಮೂಲೆಯನ್ನು ತಬ್ಬಿಕೊಂಡು ಕೂರುತ್ತದೆ. ಬಲಗಡೆ ನೋಡಿ, ಮೋಟು ದಿಮ್ಮಿಗಳು ಒಂದರ ಮೇಲೊಂದು ಅಡ್ಡಡ್ಡ ಚಾಚಿಕೊಂಡಿವೆ. ಹಳೇ ಕಾಲದ ನಿಜವಾದ ದಿಮ್ಮಿ ಮನೆಯ ಹಾಗೇ ಕಾಣೋದು ಇದು. ಆದರೆ ಮೋಟುಗಳನ್ನು ಸೈಡಿಂಗ್ ಜೊತೆಜೊತೆಗೇ, ಸಾಲು ಸಾಲಾಗಿ ಏರಿಸಬೇಕು. ಎರಡು ಗೋಡೆಗಳ ಮಟ್ಟ ಕೆಳಗೆ ಸ್ವಲ್ಪ ತಪ್ಪಿದರೂ ಮೇಲೆ ಹೋಗುವಷ್ಟರಲ್ಲಿ ಅದು ಎದ್ದು ಕಾಣುತ್ತದೆ. ಮೇಲಾಗಿ, ಪ್ರತಿ ಮೋಟಿನ ಕೊಯ್ದ ತುದಿಯೂ ಮಳೆಗೆ ಮುಖ ಒಡ್ಡಿ ನಿಂತಿರುತ್ತದೆ. ಸೂರು ಚೆನ್ನಾಗಿ ಮುಂದೆ ಚಾಚಿರದಿದ್ದರೆ ಇದರ ಗೋಜಿಗೆ ಹೋಗಬೇಡಿ. ನೀವೇ ಮಾಡುವುದಾದರೆ ಕಂಬವೇ ವಾಸಿ.

ನಿಜವಾದ ದಿಮ್ಮಿ ಗೋಡೆ ಒಣಗುತ್ತಾ ಒಣಗುತ್ತಾ ಕೆಳಗೆ ಕುಸಿಯುತ್ತದೆ. ಅಲ್ಲಿ ಹೀಗೆ ಬಿಗಿಯಾಗಿ ಕಂಬ ಹೊಡೆದರೆ ತೊಂದರೆ. ಸೈಡಿಂಗ್ ಫ್ರೇಮಿಗೆ ಅಂಟಿಕೊಂಡಿರುವುದರಿಂದ ಆ ಭಯ ಇಲ್ಲ.

[ದೃಶ್ಯ: ಕಂಬ ಕೂರಿಸುವುದು]

ಮೊದಲು ಕಂಬ, ಆಮೇಲೆ ಸೈಡಿಂಗ್. ರಸಮಟ್ಟ ಇಟ್ಟು ಎರಡು ಕಡೆಯಿಂದಲೂ ನೆಟ್ಟಗಿದೆಯಾ ನೋಡಿ. ಉದ್ದನೆಯ ಸ್ಕ್ರೂ ಒಳಗಿನ ಫ್ರೇಮನ್ನೇ ಹಿಡಿಯಬೇಕು, ಬರೀ ಪ್ಲೈವುಡ್ ಸಾಲದು. ಸ್ಕ್ರೂ ತಲೆ ಒಳಗಿಳಿಸಿ ಮೇಲೆ ಮರದ ಬಿರಡೆ ಹಾಕಿದರೆ ಗುರುತೇ ಸಿಗುವುದಿಲ್ಲ.

ಹಲಗೆ ಕೊಯ್ದ ಕೂಡಲೇ ತುದಿಗೆ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಅಥವಾ ಸೀಲರ್ (ನೀರು ತಡೆಯುವ ಲೇಪ) ಬಳಿಯಿರಿ. ಕೂರಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಕಂಬಕ್ಕೂ ಹಲಗೆಗೂ ನಡುವೆ ಸುಮಾರು 3 ಮಿಲಿಮೀಟರ್ ಸಂದು ಬಿಟ್ಟು, ರಬ್ಬರಿನ ಹಾಗೆ ಹಿಗ್ಗುವ ಕೋಕ್ (ಸಂದು ಮುಚ್ಚುವ ಪೇಸ್ಟ್) ತುಂಬಿ. ಮರ ಉಬ್ಬಿ ಕುಗ್ಗಿದಾಗ ಗಟ್ಟಿಯಾಗುವ ಫಿಲ್ಲರ್ ಬಿರುಕು ಬಿಡುತ್ತದೆ. ಮೊಳೆ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಆಗಿರಲಿ. ಸೀಡರ್ ಮರಕ್ಕೆ ಸಾದಾ ಕಬ್ಬಿಣದ ಮೊಳೆ ಹೊಡೆದರೆ ಕಪ್ಪು ಕಲೆ ಇಳಿಯುತ್ತದೆ. ತುದಿಯ ಹತ್ತಿರ ಮೊದಲೇ ಡ್ರಿಲ್ ಮಾಡಿಕೊಳ್ಳಿ, ಹಲಗೆ ಸೀಳುವುದಿಲ್ಲ.

[ಕ್ಲೋಸಪ್: ಕಂಬದ ಬುಡ]

ಕಂಬದ ಬುಡ ನೆಲಕ್ಕೆ ತಾಗಬಾರದು. ಮಣ್ಣಿನಿಂದ ಕನಿಷ್ಠ 6 ಇಂಚು ಮೇಲಿರಲಿ. ಮಳೆ, ಹಿಮ ಜಾಸ್ತಿ ಇರುವ ಕಡೆ ಇನ್ನೂ ಮೇಲಿದ್ದರೆ ಒಳ್ಳೆಯದು. ಬುಡವೂ ಕೊಯ್ದ ತುದಿಯೇ, ಅಲ್ಲಿಗೂ ಸೀಲರ್ ಬೇಕು. ಕಂಬ ನಿಲ್ಲಿಸುವ ಮುಂಚೆಯೇ ಹಚ್ಚಿಬಿಡಿ.