ಹಗ್ಗ ಹಿಡಿಯದ ನಾಟಿ

ಕೇಳುಗರಿಗೆ ನಮಸ್ಕಾರ.

ಆಗಸ್ಟ್ ತಿಂಗಳಲ್ಲಿ ಸಿಂಧನೂರಿನಿಂದ ಕಾರಟಗಿಯ ಮೇಲೆ ಗಂಗಾವತಿಗೆ ಬಸ್ಸಿನಲ್ಲಿ ಹೊರಟರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿರುತ್ತದೆ. ಹಗ್ಗ ಹಿಡಿಯದೆ ಸಸಿ ಹಚ್ಚುವ ಹೆಣ್ಣುಮಕ್ಕಳ ಕೈಯನ್ನು ಗಮನಿಸಿ. ಅಲ್ಲಿ ನೆಟ್ಟನೆಯ ಸಾಲಿಲ್ಲ. ಆದರೂ ಸಸಿಗೆ ಸಸಿ ತಾಗುವುದಿಲ್ಲ, ಎಲ್ಲಿಯೂ ಬಯಲು ಉಳಿಯುವುದಿಲ್ಲ. ಗ್ರಾಫಿಕ್ಸ್ ಕೆಲಸ ಮಾಡುವ ನಾನು ಕಂಪ್ಯೂಟರಿನಿಂದ ಬಯಸುವುದು ಇದನ್ನೇ.

ಪರದೆಯ ಮೇಲೆ ಕಾಡು ಬೆಳೆಸಬೇಕು ಎನ್ನಿ. ಮರಗಳ ಜಾಗವನ್ನು ಯಾದೃಚ್ಛಿಕ ಸಂಖ್ಯೆಗಳಿಗೇ, ಅಂದರೆ ಚೀಟಿ ಎತ್ತಿದಂತೆ ಬರುವ ಸಂಖ್ಯೆಗಳಿಗೇ ಬಿಟ್ಟರೆ ಚೆಲ್ಲು ಬಿತ್ತನೆಯ ಪಾಡು: ಇಲ್ಲಿ ಹತ್ತು ಗಿಡ ಒತ್ತೊತ್ತಾಗಿ, ಅಲ್ಲಿ ಬೋಳು ನೆಲ. ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಬಿದ್ದ ಬಿಂದುಗಳು ಗುಂಪುಗೂಡಿಯೇ ತೀರುತ್ತವೆ. ಕೂರಿಗೆ ಹೂಡಿದಂತೆ ಸಾಲಾಗಿ ಇಟ್ಟರೋ, ಕಾಡು ತೋಟವಾಗಿಬಿಡುತ್ತದೆ.

ಮೊದಲಿನ ಉಪಾಯ ಸರಳ. ಬಿಂದುವನ್ನು ಎಲ್ಲಾದರೂ ಎಸೆಯುವುದು, ಹಿಂದಿನವುಗಳಿಗೆ ತೀರ ಹತ್ತಿರವಾದರೆ ಕೈಬಿಡುವುದು. ಆದರೆ ಜಾಗ ತುಂಬುತ್ತ ಬಂದಂತೆ ಎಸೆದದ್ದೆಲ್ಲ ವ್ಯರ್ಥವಾಗುತ್ತದೆ.

2007ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ರಾಬರ್ಟ್ ಬ್ರಿಡ್ಸನ್ ತೋರಿಸಿದ ಕ್ರಮ ನಾಟಿಯ ಕೈಗೆ ಬಹಳ ಹತ್ತಿರ. ಎರಡು ಸಸಿಗಳ ನಡುವೆ ಕನಿಷ್ಠ ಒಂದು ಗೇಣು ಇರಬೇಕು ಎಂದುಕೊಳ್ಳೋಣ. ಹಚ್ಚಿದ ಒಂದು ಸಸಿಯಿಂದ ಒಂದು ಗೇಣಿನ ಆಚೆ, ಎರಡು ಗೇಣಿನ ಒಳಗೆ ಎಲ್ಲಾದರೂ ಹೊಸ ಜಾಗ ಹುಡುಕುವುದು. ಬೇರೆ ಸಸಿ ಅಡ್ಡ ಬರದಿದ್ದರೆ ಅಲ್ಲಿ ಹಚ್ಚುವುದು. 30 ಸಲ ಹುಡುಕಿದರೂ ಸಿಗದಿದ್ದರೆ ಆ ಸಸಿಯನ್ನು ಬಿಟ್ಟು ಮತ್ತೊಂದರ ಸುತ್ತ ನೋಡುವುದು. ಇದರಲ್ಲಿ ನನಗೆ ಬಲು ಇಷ್ಟವಾದದ್ದು ಚೌಕಗಳ ಲೆಕ್ಕ. ಇಡೀ ಹೊಲವನ್ನು ಸಣ್ಣ ಚೌಕಗಳಾಗಿ ಸೀಳುತ್ತಾರೆ. ಚೌಕದ ಮೂಲೆಯಿಂದ ಮೂಲೆಗೆ ಸರಿಯಾಗಿ ಒಂದು ಗೇಣು. ಹಾಗಾಗಿ ಒಂದು ಚೌಕದಲ್ಲಿ ಒಂದಕ್ಕಿಂತ ಹೆಚ್ಚು ಸಸಿ ಇರಲಾರದು. ಹತ್ತು ಲಕ್ಷ ಬಿಂದುಗಳಿದ್ದರೂ, ಅಡ್ಡ ಬರುವ ಸಸಿ ಇದೆಯೇ ಎಂದು ತಿಳಿಯಲು ಸುತ್ತಲಿನ ಕೆಲವೇ ಚೌಕಗಳನ್ನು ಇಣುಕಿದರೆ ಸಾಕು.

ಇಂಥ ಹರಹು ಕಣ್ಣಿಗೂ ಹೊಸದಲ್ಲ. ಕೋತಿಯ ಅಕ್ಷಿಪಟದ ಅಂಚಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹೀಗೆಯೇ ಹರಡಿವೆ ಎಂದು ವಿಜ್ಞಾನಿ ಜಾನ್ ಯೆಲ್ಲಾಟ್ 1983ರಲ್ಲೇ ತೋರಿಸಿದ್ದರು.

ಕಳೆದ ವರ್ಷ ನನ್ನ ಬಿಂದುಗಳನ್ನು ಅವ್ವನಿಗೆ ತೋರಿಸಿದೆ. ಹರೆಯದಿಂದ ಸಸಿ ಹಚ್ಚಿದ ಕೈ ಅವಳದು. ಪರದೆಯ ಬಲ ಮೂಲೆಯಲ್ಲಿ ಬೆರಳಿಟ್ಟು, "ಇಲ್ಲಿ ಇನ್ನೊಂದು ಹಿಡಿಯುತ್ತದೆ, ಯಾಕೆ ಬಿಟ್ಟಿದ್ದೀ?" ಎಂದಳು. ಅಳೆದು ನೋಡಿದೆ, ಹಿಡಿಯುತ್ತಿತ್ತು. 30 ಸಲದ ಹುಡುಕಾಟದಲ್ಲಿ ಒಂದೂ ಆ ಸಂದಿಗೆ ಬಿದ್ದಿರಲಿಲ್ಲ. 30 ಇದ್ದದ್ದನ್ನು 100 ಮಾಡಿ, ಮತ್ತೆ ಅವಳ ಮುಂದೆ ಹಿಡಿದೆ.

ನಮಸ್ಕಾರ.