ತಿಂದದ್ದು ಮೈಗೆ ಹತ್ತುವುದೆಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಸಕಲೇಶಪುರದ ಹತ್ತಿರ ಇರುವ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆಗೆ ಸುಸ್ತೋ ಸುಸ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದ್ದರು, ಹಿಮೋಗ್ಲೋಬಿನ್ 9 ಬಂದಿತ್ತು. ಹೆಂಗಸರಿಗೆ 12 ಆದರೂ ಇರಬೇಕು. "ದಿನಾ ಮುದ್ದೆ, ಸೊಪ್ಪಿನ ಸಾರು ತಿಂತೀನಿ ಕಣಮ್ಮ. ಯಾಕೋ ತಿಂದದ್ದು ಮೈಗೇ ಹತ್ತಲ್ಲ" ಅಂದರು. ಹಾಗೆ ಹೇಳುತ್ತಲೇ ನನ್ನ ಕೈಗೊಂದು ಕಾಫಿ ಲೋಟ ಕೊಟ್ಟು, ತಾವೂ ಒಂದು ಹಿಡಿದು ಕೂತರು. ಊಟದ ತಟ್ಟೆ ಎತ್ತಿ ಐದು ನಿಮಿಷ ಆಗಿರಲಿಲ್ಲ.

ಮೈಗೆ ಹತ್ತಲ್ಲ. ಅತ್ತಿಗೆ ತಮಗೇ ಗೊತ್ತಿಲ್ಲದೆ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದರು. ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹೋದಂತಲ್ಲ. ಬಾಯಿಂದ ಆಚೆ ತುದಿಯವರೆಗೆ ಇರುವುದು ಒಂದೇ ಉದ್ದದ ಕೊಳವೆ. ಮಗು ಹುಣಸೆಬೀಜ ನುಂಗಿದರೆ ಒಂದೆರಡು ದಿನದಲ್ಲಿ ಹಾಗೇ ಆಚೆ ಬರುತ್ತದೆ, ಅಲ್ವಾ? ಅದು ಹೊಟ್ಟೆಯೊಳಗೆಲ್ಲ ತಿರುಗಾಡಿ ಬಂದಿದೆ, ಮೈಯೊಳಗೆ ಕಾಲಿಟ್ಟಿಲ್ಲ. ಕೊಳವೆಯ ಗೋಡೆ ದಾಟಿ ರಕ್ತ ಸೇರಿದ್ದು ಮಾತ್ರ ನಮ್ಮದು.

ದಾಟಬೇಕಾದರೆ ಮೊದಲು ಪುಡಿಪುಡಿ ಆಗಬೇಕು. ಒಂದು ತುತ್ತು ಅನ್ನವನ್ನು ಸುಮ್ನೆ ಅಗಿಯುತ್ತಾ ಇರಿ, ನಿಧಾನಕ್ಕೆ ಸಿಹಿಯಾಗುತ್ತದೆ. ಜೊಲ್ಲು ಅನ್ನದ ಪಿಷ್ಟವನ್ನು ಸಕ್ಕರೆ ಮಾಡುತ್ತಿದೆ ಅಂತ ಅರ್ಥ. ನಮ್ಮ ಮುದ್ದೆಗೆ ಈ ಭಾಗ್ಯವಿಲ್ಲ. ಮುದ್ದೆ ಅಗಿದರೆ ಪಕ್ಕದವರು ನಗುತ್ತಾರೆ, ಸಾರಲ್ಲಿ ಹೊರಳಿಸಿ ನುಂಗಬೇಕು. ಪರವಾಗಿಲ್ಲ, ಬಾಯಿ ಬಿಟ್ಟ ಕೆಲಸವನ್ನು ಮುಂದೆ ಮೇದೋಜೀರಕ ಗ್ರಂಥಿಯ ರಸ ಮಾಡಿ ಮುಗಿಸುತ್ತದೆ. ಜಠರದ ಹುಳಿಯಲ್ಲಿ ಎರಡು ಮೂರು ಗಂಟೆ ಕಡೆದು ಗಂಜಿಯಾದ ಊಟ ಸಣ್ಣ ಕರುಳಿಗೆ ಇಳಿಯುತ್ತದೆ.

ಹೆಸರಿಗೆ ಸಣ್ಣ, ಉದ್ದ ಸುಮಾರು 6 ಮೀಟರ್. ಒಳಗೋಡೆಯ ತುಂಬಾ, ಒಟ್ಲುಪಾತಿಯಲ್ಲಿ ರಾಗಿ ಪೈರು ಎದ್ದ ಹಾಗೆ, ಒತ್ತೊತ್ತಾಗಿ ಸಣ್ಣ ಸಣ್ಣ ಎಳೆಗಳು. ಒಂದೊಂದೂ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಈ ಏರುತಗ್ಗನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್ ಅಂತ ಲೆಕ್ಕ. ಮನೆ ಕಟ್ಟುವವರ ಮಾತಿನಲ್ಲಿ ಮೂರು ಚದರ. ಇಲ್ಲಿ ದಾಟದೆ ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬ. ಅವರೆಕಾಳಿನ ಸಾರು ತಿಂದ ರಾತ್ರಿ ಹೊಟ್ಟೆ ಯಾಕೆ ಗುಡುಗುತ್ತದೆ ಅಂತ ಈಗ ಗೊತ್ತಾಯಿತಲ್ಲ.

ರಕ್ತದ ಹಿಮೋಗ್ಲೋಬಿನ್ ತಯಾರಾಗಲು ಬೇಕಾದ ಕಬ್ಬಿಣಕ್ಕೆ ಮಾತ್ರ ಇಷ್ಟೆಲ್ಲ ಜಾಗ ಇಲ್ಲ. ಅದು ಹೆಚ್ಚಾಗಿ ಒಳಗೆ ಹೋಗುವುದು ಸಣ್ಣ ಕರುಳಿನ ಮೊದಲ ಒಂದು ಗೇಣಿನಲ್ಲಿ. ಜಾಸ್ತಿಯಾದ ಕಬ್ಬಿಣವನ್ನು ಬೇಕೆಂದಾಗ ಆಚೆ ಹಾಕುವ ದಾರಿ ಮೈಗಿಲ್ಲ, ಅದಕ್ಕೇ ಬಾಗಿಲಲ್ಲೇ ಬಿಗಿ. ಸೊಪ್ಪು, ರಾಗಿ, ಕಾಳಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ದಾಟುವುದಿಲ್ಲ. ರಾಗಿಯಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದರ ಮೇಲೆ ನಮ್ಮ ಕಾಫಿ ಬಂದು ಬೀಳುತ್ತದೆ. ಕಾಫಿಯ ಒಗರು ಅಂಶ ಅಂಟಿಕೊಂಡ ಕಬ್ಬಿಣ ಹುಣಸೆಬೀಜದ ದಾರಿಯನ್ನೇ ಹಿಡಿಯುತ್ತದೆ.

1983ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗದ ವರದಿ ಬಂತು. ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರ ಮೈಗೆ ಸೇರಿದ ಕಬ್ಬಿಣ ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಟೀ ಇನ್ನೂ ಜೋರು, 64. ಊಟ ಆಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ಅಷ್ಟೇ ನಷ್ಟ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ಏನೂ ನಷ್ಟವಿಲ್ಲ. ಅವರು ಕೊಟ್ಟ ಊಟ ಹ್ಯಾಂಬರ್ಗರ್, ನಮ್ಮದು ಮುದ್ದೆ. ಆದರೆ ಕರುಳು ಎಲ್ಲರದ್ದೂ ಒಂದೇ.

ಕಾಫಿ ಸೀಮೆಯಲ್ಲಿ ಕೂತು ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ನಾನೂ ಬಿಟ್ಟಿಲ್ಲ. ಹೊತ್ತು ಬದಲಾಯಿಸಿ, ಸಾಕು. ಬೆಳಗ್ಗೆ ಎದ್ದ ತಕ್ಷಣದ್ದು ಕುಡಿಯಿರಿ, ಒಂದು ಗಂಟೆ ಬಿಟ್ಟು ತಿಂಡಿ ತಿನ್ನಿ. ಮಧ್ಯಾಹ್ನದ ಊಟದ ಬೆನ್ನಿಗೇ ಬರುವ ಲೋಟವನ್ನು ಸಂಜೆಗೆ ತಳ್ಳಿ. ಸಾರು ಬಡಿಸಿಕೊಂಡ ಮೇಲೆ ತಟ್ಟೆಯಲ್ಲೇ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಅದರ ವಿಟಮಿನ್ ಸಿ ಕಬ್ಬಿಣಕ್ಕೆ ಬಾಗಿಲು ತೆಗೆಸುತ್ತದೆ. ಒಲೆಯ ಮೇಲೆ ಕುದಿಯುವಾಗಲೇ ಹಿಂಡಿದರೆ ಬಿಸಿಗೆ ಬಹಳಷ್ಟು ಹಾಳು. ನೆಲ್ಲಿಕಾಯಿ, ಸೀಬೆಹಣ್ಣು ಇನ್ನೂ ಒಳ್ಳೆಯದು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿಸಿದರೆ ಫೈಟೇಟ್ ಹಿಡಿತ ಸಡಿಲವಾಗುತ್ತದೆ. ಕೂಸಿನ ರಾಗಿ ಸರಿಗೆ ಅಜ್ಜಿಯರು ಮಾಡುತ್ತಿದ್ದದ್ದು ಇದನ್ನೇ. ದೊಡ್ಡವರ ಊಟಕ್ಕೆ ಯಾಕೆ ಮಾಡುವುದಿಲ್ಲವೋ!

ಇದು ಅತ್ತಿಗೆ ಒಬ್ಬರ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಎಲ್ಲವನ್ನೂ ಕಾಫಿ ತಲೆಗೆ ಕಟ್ಟಬೇಡಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಕೊಕ್ಕೆಹುಳ, ಹೀಗೆ ಬೇರೆ ಕಾರಣಗಳೂ ಇರುತ್ತವೆ. ಡಾಕ್ಟರಿಗೆ ತೋರಿಸಲೇಬೇಕು.

ಅತ್ತಿಗೆಗೂ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಯಾವಾಗ ನುಂಗ್ತೀರಿ ಅಂತ ಕೇಳಿದೆ. "ಮರೆತುಹೋಗಬಾರದು ಅಂತ ಕಾಫಿ ಜೊತೆಗೇ ಕಣಮ್ಮ" ಅಂದರು! ಮಾರನೆಯ ದಿನ ಮಾತ್ರೆಗೆ ನಿಂಬೆ ಪಾನಕ ಮಾಡಿಕೊಟ್ಟೆ. ಯುಗಾದಿ ಹೊತ್ತಿಗೆ ಫೋನ್ ಬಂತು, 11 ಆಗಿದೆ ಅಂತ. ಅದರಲ್ಲಿ ಮಾತ್ರೆಯದೇ ದೊಡ್ಡ ಪಾಲು, ನಿಂಬೆಹಣ್ಣನ್ನು ತೀರಾ ಹೊಗಳುವುದು ಬೇಡ. "ನಾನೇನೋ ನಾಲ್ಕು ಗಂಟೆ ಕಾಫಿಗೆ ಒಗ್ಗಿದೀನಿ" ಅಂದರು ಅತ್ತಿಗೆ. "ನಿಮ್ಮಣ್ಣ ಮಾತ್ರ ಉಂಡು ಕೈ ತೊಳೆದವರೇ ಅಡುಗೆಮನೆ ಬಾಗಿಲಿಗೆ ಬಂದು ನಿಲ್ತಾರೆ."