ಬಸುರಿಯ ಮಧುಮೇಹಕ್ಕೆ ಸೀಮಂತದ ಸಿಹಿ ಕಾರಣವಲ್ಲ

(ಕಾರವಾರದಲ್ಲಿ ಆಶಾ ಕಾರ್ಯಕರ್ತೆಯರು ಹಾಗೂ ಶುಶ್ರೂಷಕಿಯರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಗರ್ಭಿಣಿಯರ ಮಧುಮೇಹದ ಪತ್ತೆಗಾಗಿ ದಶಕಗಳ ಕಾಲ ದುಡಿದ ಚೆನ್ನೈನ ವೈದ್ಯ ಡಾ. ವಿ. ಶೇಷಯ್ಯ ಅವರ ಜನ್ಮದಿನವಾದ ಮಾರ್ಚ್ 10ನ್ನು ನಾವು ಈ ಕಾಯಿಲೆಯ ಜಾಗೃತಿ ದಿನವಾಗಿ ಆಚರಿಸುತ್ತೇವೆ. ಖಾಲಿ ಹೊಟ್ಟೆಯ ನಿಯಮವಿಲ್ಲದೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಗಳ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿತೇ ಎಂದು ನೋಡುವ ಪರೀಕ್ಷೆ ನಿಮಗೆ ಹೊಸದಲ್ಲ. ಜೋಯಿಡಾದ ಒಳಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಬಸುರಿಗೆ ಅದೆಷ್ಟು ಅನುಕೂಲವೆಂಬುದೂ ನಿಮಗೆ ತಿಳಿದಿದೆ. ನಾನು ಇಂದು ಕಾಯಿಲೆಯ ಕಾರಣವನ್ನು ಕುರಿತೇ ಮಾತನಾಡುತ್ತೇನೆ. ಕಾರಣ ತಿಳಿಯದ ಮನೆಯಲ್ಲಿ ಆರೋಪ ಹುಟ್ಟುತ್ತದೆ. ಆರೋಪ ಹೊತ್ತ ಹೆಣ್ಣುಮಗಳು ಮುಂದಿನ ತಪಾಸಣೆಗೆ ಬರಲು ಹಿಂಜರಿಯುತ್ತಾಳೆ.

ಕುಮಟಾ ಕಡೆಯ ಏಳು ತಿಂಗಳ ಬಸುರಿಯೊಬ್ಬಳು ಗಂಡ ಮತ್ತು ಅತ್ತೆಯ ಜೊತೆ ಬಂದಿದ್ದಳು. ಸಕ್ಕರೆಯ ಅಂಶ ಹೆಚ್ಚಾಗಿದೆ ಎಂದು ನಾನು ಹೇಳುವುದೇ ತಡ, ಅತ್ತೆ ಪಟ್ಟಿ ತೆಗೆದರು: ತವರಿನ ಸೀಮಂತದಲ್ಲಿ ತಿಂದ ಹೋಳಿಗೆ, ಶಿರಸಿಯ ನೆಂಟರು ತಂದ ತೊಡದೇವು, ದಿನವೂ ಮಧ್ಯಾಹ್ನದ ಬೆಲ್ಲದ ಪಾನಕ. ಆ ಹುಡುಗಿ ತಲೆ ಎತ್ತಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮಧುಮೇಹವಿದೆಯೇ ಎಂದು ಅತ್ತೆಯನ್ನು ಕೇಳಿದೆ. ತಮಗೆ ಇದೆ, ಹಲವು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದೇನೆ, ಆದರೆ ಸೊಸೆಗೂ ತಮಗೂ ರಕ್ತಸಂಬಂಧವಿಲ್ಲವಲ್ಲ ಎಂದರು. ಮಾತು ನ್ಯಾಯವಾಗಿಯೇ ಇತ್ತು. ಆಗ ನಾನು ಮಾಸು, ಅಂದರೆ ಪ್ಲಾಸೆಂಟಾ, ಹೇಗೆ ಹುಟ್ಟುತ್ತದೆಂದು ವಿವರಿಸಿದೆ. ಅದು ಬೆಳೆಯುವುದು ತಾಯಿಯ ಒಡಲಿನಲ್ಲಾದರೂ, ಮೊಳೆಯುವುದು ಮಗುವಿನಂತೆಯೇ ಫಲಿತ ಅಂಡದಿಂದ. ಅದರ ಅರ್ಧದಷ್ಟು ಜೀನ್‌ಗಳು ನಿಮ್ಮ ಮಗನವು ಎಂದೆ. ಗಂಡನ ಮನೆಯ ಕಾಯಿಲೆ ಸೊಸೆಗೆ ಅಂಟಿತೆಂದು ಇದರ ಅರ್ಥವಲ್ಲ, ಹಾಗೆ ನಾನು ಹೇಳಲೂ ಇಲ್ಲ. ಹೊಟ್ಟೆಯೊಳಗೆ ನಡೆಯುವ ಕೆಲಸದಲ್ಲಿ ಎರಡೂ ಮನೆಗಳ ಪಾಲಿದೆ ಎಂದಷ್ಟೇ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮಗನಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲೇ ಎಂದು ಕೇಳಿದರು. ನನಗೆ ಬಹಳ ಸಂತೋಷವಾಯಿತು, ಅಂದೇ ಮಾಡಿಸಿದೆವು.

ಈ ಮಾಸು ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಪ್ರೊಜೆಸ್ಟರಾನ್ ಮತ್ತು ತನ್ನದೇ ಬಗೆಯ ಬೆಳವಣಿಗೆಯ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಸುರಿಯುತ್ತದೆ. ಜೊತೆಗೆ ತಾಯಿಯ ಕಾರ್ಟಿಸಾಲ್ ಎಂಬ ಹಾರ್ಮೋನು ಕೂಡ ಏರುತ್ತದೆ. ಇವೆಲ್ಲ ಸೇರಿ ಸ್ನಾಯು ಮತ್ತು ಕೊಬ್ಬಿನ ಮೇಲೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಪ್ರಭಾವವನ್ನು ಕೊನೆಯ ತಿಂಗಳುಗಳಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತವೆ. ಊಟದ ಸಕ್ಕರೆ ಬೇಗ ಕರಗಿಹೋಗದೆ ಮಗುವಿಗೂ ಸಿಗಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಇದು ಪ್ರತಿ ಬಸುರಿಯಲ್ಲೂ ನಡೆಯುತ್ತದೆ. ಹೆಚ್ಚಿನವರಲ್ಲಿ ಮೇದೋಜೀರಕದ ಬೀಟಾ ಕೋಶಗಳು ಎರಡು ಮೂರು ಪಟ್ಟು ಇನ್ಸುಲಿನ್ ಸ್ರವಿಸಿ ಸರಿದೂಗಿಸುತ್ತವೆ. ಯಾರ ಬೀಟಾ ಕೋಶಗಳಿಗೆ ಅಷ್ಟು ಕಸುವಿಲ್ಲವೋ ಅವರಲ್ಲಿ ಸಕ್ಕರೆ ಏರುತ್ತದೆ. ಮೊದಲ ಭೇಟಿಯಲ್ಲಿ ಸರಿಯಿದ್ದವಳನ್ನು 24ರಿಂದ 28ನೇ ವಾರದೊಳಗೆ ಮತ್ತೆ ಪರೀಕ್ಷಿಸುವುದು ಈ ಕಾರಣಕ್ಕೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಹೆಚ್ಚಿನವರ ಸಕ್ಕರೆ ತಾನಾಗಿ ಇಳಿಯುವುದೂ ಅದಕ್ಕೇ. ಹೋಳಿಗೆಯಿಂದಲೇ ಬಂದ ಕಾಯಿಲೆಯಾಗಿದ್ದರೆ ಮಾಸಿನೊಂದಿಗೆ ಹೋಗುತ್ತಿರಲಿಲ್ಲ. ಪಥ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಚಿಕಿತ್ಸೆಯ ಮೊದಲ ಹೆಜ್ಜೆಯೇ ಊಟದ ಕ್ರಮ. ಆದರೆ ಪಥ್ಯವನ್ನು ಶಿಕ್ಷೆಯಂತೆ ವಿಧಿಸಬಾರದು.

ಬೀಟಾ ಕೋಶಗಳ ಕಸುವು ಬಹುಪಾಲು ಹುಟ್ಟಿನಿಂದ ಬಂದದ್ದು. ಟಿಸಿಎಫ್7ಎಲ್2, ಎಂಟಿಎನ್‌ಆರ್1ಬಿ, ಸಿಡಿಕೆಎಎಲ್1 ಎಂಬ ಜೀನ್‌ಗಳ ಕೆಲವು ರೂಪಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಒಂದೊಂದರ ಪ್ರಭಾವವೂ ಚಿಕ್ಕದು. ಟೈಪ್ 2 ಮಧುಮೇಹದಲ್ಲಿ ಕಾಣುವ ಜೀನ್‌ಗಳೇ ಇಲ್ಲಿಯೂ ಕಾಣುವುದರಿಂದ, ಬಸುರಿತನವು ಮುಂದೆ ಬರಬಹುದಾದ ಕಾಯಿಲೆಯನ್ನು ಮೊದಲೇ ತೋರಿಸಿಕೊಡುತ್ತದೆ. ಗ್ಲೂಕೋಕೈನೇಸ್ ಎಂಬ ಒಂದೇ ಜೀನಿನ ದೋಷದಿಂದ ಹುಟ್ಟಿನಿಂದಲೂ ಸಕ್ಕರೆ ತುಸು ಮೇಲಿದ್ದು, ಬಸಿರಿನಲ್ಲಿ ಮೊದಲ ಬಾರಿ ಗೊತ್ತಾಗುವ ಕೆಲವರೂ ಇದ್ದಾರೆ.

ಸಮಯ ಮುಗಿಯುತ್ತಿದೆ ಎಂದು ಸಂಘಟಕರ ಚೀಟಿ ಬಂದಿದೆ, ಹಾಗಾಗಿ ಮಗುವಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ತಾಯಿಯ ಗ್ಲೂಕೋಸ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ಕೊಬ್ಬು ಕೂಡಿಸಿಕೊಳ್ಳುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಇಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಾಗಿ ಕಂಡವು.

ಕೊನೆಯದಾಗಿ, ಹೆರಿಗೆಯಾದ ಆರನೇ ವಾರದಲ್ಲಿ ಮಾಡಬೇಕಾದ ಸಕ್ಕರೆಯ ಪರೀಕ್ಷೆ. ಈ ತಾಯಂದಿರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಾದರೂ ಹೆಚ್ಚು. ಆದರೆ ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ: ಅಂಕೋಲೆಯಲ್ಲಿ ಹೆಸರು ಬರೆಸಿದವಳು ಸಿದ್ದಾಪುರದಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಾಳೆ, ಪರೀಕ್ಷೆ ಎರಡೂ ಕಡೆ ತಪ್ಪಿಹೋಗುತ್ತದೆ. ತವರಿನ ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಏಳನೇ ತಿಂಗಳಲ್ಲೇ ತಾಯಿ ಕಾರ್ಡಿನ ಮೇಲೆ ಬರೆದಿಡಿ, ಹೆರಿಗೆಯಾದ ಸುದ್ದಿ ಬಂದ ದಿನವೇ ಅವರಿಗೆ ಕರೆ ಮಾಡಿ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.